ನಾಳೆ ಬೆಳಗ್ಗೆಯೊಳಗೆ ಒಬ್ಬ ಅಜ್ಜ ಬೇಕು

ಸ್ಪೆಷಲ್ ಎಫೆಕ್ಟ್ಸ್ ಮೇಕಪ್ ಕಲಾವಿದರು ಬೇಕು ಅಂತ ಓಡಾಡುವ ಮೆಸೇಜುಗಳನ್ನು ಓದಿದ್ದೀರಾ? ಬಿಟ್ಟಿ ಕಾಮಿಡಿ. 'ಮೂವತ್ತರ ಹೀರೋನನ್ನು ಎಂಬತ್ತರ ಮುದುಕ ಮಾಡಬೇಕು. ಕ್ಲೋಸಪ್‌ನಲ್ಲೂ ಗೊತ್ತಾಗಬಾರದು. ಸಾಮಾನು ನಿಮ್ಮದೇ. ದುಡ್ಡಿನ ವಿಷಯ ಆಮೇಲೆ ಮಾತಾಡೋಣ, ಟೈಟಲ್‌ನಲ್ಲಿ ಹೆಸರಂತೂ ಗ್ಯಾರಂಟಿ. ಶೂಟಿಂಗ್ ನಾಳೆ.'

ನಾಳೆ! ಕಥೆ ಬರೆಯೋಕೆ ಎರಡು ವರ್ಷ ತಗೊಂಡಿದ್ದಾರೆ, ಡ್ರೋನ್‌ನವರನ್ನು ತಿಂಗಳ ಹಿಂದೆಯೇ ಬುಕ್ ಮಾಡಿದ್ದಾರೆ, ಮೊದಲ ಪುಟದಿಂದಲೇ ಅಜ್ಜ ಕೆಮ್ಮುತ್ತಾ ಕೂತಿದ್ದಾನೆ, ಆದರೂ ಅವನಿಗೊಂದು ಮುಖ ಬೇಕು ಅಂತ ಹೊಳೆದದ್ದು ಹಿಂದಿನ ದಿನ ಸಂಜೆ.

ಇವರ ಲೆಕ್ಕದಲ್ಲಿ ಮೇಕಪ್ ಅಂದ್ರೆ ಪೌಡರ್ ಡಬ್ಬಿ. ಆದರೆ ಮುದುಕನನ್ನು ಮಾಡಬೇಕಾದರೆ ಮೊದಲು ನಟನ ಮುಖದ ಅಚ್ಚು ತೆಗೀಬೇಕು. ಹಲ್ಲಿನ ಡಾಕ್ಟರು ಅಳತೆಗೆ ಬಳಸ್ತಾರಲ್ಲ, ಅದೇ ಆಲ್ಜಿನೇಟನ್ನು ಮುಖಕ್ಕೆ ಮೆತ್ತಿ, ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿದರೆ ಹೀರೋ ಮೂಗಿನ ಎರಡು ತೂತಲ್ಲಿ ಉಸಿರಾಡುತ್ತಾ ಮಾತಿಲ್ಲದೆ ಕೂತಿರಬೇಕು. (ಇಡೀ ಶೆಡ್ಯೂಲ್‌ನಲ್ಲಿ ಯೂನಿಟ್‌ಗೆ ನೆಮ್ಮದಿ ಸಿಗೋದು ಆಗ ಮಾತ್ರ.) ಆ ಅಚ್ಚಿನಲ್ಲಿ ಬಂದ ಮುಖದ ಮೇಲೆ ಜೇಡಿಮಣ್ಣಲ್ಲಿ ಸುಕ್ಕು ತಿದ್ದಬೇಕು, ಅದಕ್ಕೆ ಮತ್ತೊಂದು ಅಚ್ಚು, ಅದರೊಳಗೆ ರಬ್ಬರಿನಂಥ ಸಿಲಿಕೋನ್ ಸುರಿದು ಮುಖಕ್ಕೆ ಅಂಟಿಸೋ ನಕಲಿ ಚರ್ಮ ತೆಗೀಬೇಕು, ಆಮೇಲೆ ಪದರ ಪದರವಾಗಿ ಬಣ್ಣ. ಹುಬ್ಬಿನ ಕೂದಲನ್ನು ಸೂಜಿಯಲ್ಲಿ ಒಂದೊಂದಾಗಿ ಚುಚ್ಚಬೇಕು. ವಾರಗಟ್ಟಲೆ ಕೆಲಸ.

ಮುನಿಸಿನಲ್ಲಿ ಸಿಲಿಕೋನ್ ಯಾವ ಹೀರೋಗೂ ಕಮ್ಮಿಯಿಲ್ಲ. ಅದರಲ್ಲೇ ಪ್ಲಾಟಿನಂ ಸಿಲಿಕೋನ್ ಅಂತ ಒಂದು ಬಗೆ, ಅದಕ್ಕೆ ಗಂಧಕ ಇರುವ ಜೇಡಿ ತಾಗಿದರೆ, ಅಷ್ಟೇ ಯಾಕೆ, ಲ್ಯಾಟೆಕ್ಸ್ ಗ್ಲೌಸ್ ಹಾಕಿ ಮುಟ್ಟಿದರೂ, ಗಟ್ಟಿಯಾಗಲ್ಲ ಅಂತ ಅಂಟಂಟಾಗಿ ಕೂತುಬಿಡಬಹುದು. ಅದಕ್ಕೆ ಫೋನ್ ಮಾಡಿ 'ನಾನು ಪ್ರೊಡ್ಯೂಸರ್ ಮಾತಾಡ್ತಿರೋದು' ಅಂತ ಜೋರು ಮಾಡಿ ನೋಡಿ ಬೇಕಾದ್ರೆ.

ನನಗೆ ಜಾಸ್ತಿ ಇಷ್ಟವಾದ ಮಾತು ಇನ್ನೊಂದಿದೆ. 'ನಿನ್ನೆಯ ಮೂಗು ಚೆನ್ನಾಗೇ ಇತ್ತಲ್ಲ, ಇವತ್ತು ಅದನ್ನೇ ಅಂಟಿಸಿ.' ಸಾರ್, ಚರ್ಮದ ಜೊತೆ ಬೆರೆತು ಕಾಣಲಿ ಅಂತ ಅದರ ಅಂಚನ್ನು ಹಾಳೆಗಿಂತ ತೆಳ್ಳಗೆ ಮಾಡಿರ್ತಾರೆ, ಕೀಳುವಾಗ ಹರಿದುಹೋಗುತ್ತೆ. ಹತ್ತು ದಿನದ ಶೂಟಿಂಗ್ ಅಂದ್ರೆ ಹತ್ತು ಮೂಗು. ಬಜೆಟ್ ಹಾಳೆಯಲ್ಲಿರೋದು ಮಾತ್ರ ಒಂದೇ.

ಸಣ್ಣವರನ್ನು ಬೈದು ಏನು ಪ್ರಯೋಜನ, ದೊಡ್ಡವರೂ ಹೀಗೇ ಇದ್ದರು. ಆಸ್ಕರ್‌ನವರಿಗೆ ಮೇಕಪ್ ಅನ್ನೋದಕ್ಕೂ ಒಂದು ವಿಭಾಗ ಬೇಕು ಅಂತ ಅನಿಸಿದ್ದು 1981ರಲ್ಲಿ. ಅದೂ ಹಿಂದಿನ ವರ್ಷ 'ದಿ ಎಲಿಫೆಂಟ್ ಮ್ಯಾನ್' ಚಿತ್ರದ ಮೇಕಪ್‌ಗೆ ಏನೂ ಸಿಗಲಿಲ್ಲ ಅಂತ ಗಲಾಟೆ ಎದ್ದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಇಷ್ಟೆಲ್ಲ ವಿವರಿಸಿದರೆ ಪ್ರೊಡಕ್ಷನ್ ಮ್ಯಾನೇಜರ್ ಏನಂತಾರೆ ಗೊತ್ತಾ? 'ಹೋಗ್ಲಿ ಬಿಡಿ, ಗ್ರಾಫಿಕ್ಸ್‌ನಲ್ಲಿ ಮಾಡಿಸ್ತೀವಿ.' ಸಂಜೆ ಗ್ರಾಫಿಕ್ಸ್‌ನವರು ಫ್ರೇಮಿಗೆ ಇಷ್ಟು ಅಂತ ಲೆಕ್ಕ ಕಳಿಸ್ತಾರೆ. ರಾತ್ರಿ ಹನ್ನೊಂದಕ್ಕೆ ಮತ್ತೆ ಮೇಕಪ್‌ನವರ ಫೋನ್ ಹೊಡ್ಕೊಳ್ಳುತ್ತೆ.

'ಸಾರ್, ನಿಮಗೆ ತೊಂದರೆ ಬೇಡ ಅಂತ ಕಥೆಯನ್ನೇ ಬದಲಾಯಿಸಿಬಿಟ್ವಿ. ಅಜ್ಜ ಮೊದಲೇ ಸತ್ತೋಗಿರ್ತಾನೆ. ಗೋಡೆ ಮೇಲೆ ಅವನದೊಂದು ದೊಡ್ಡ ಫೋಟೋ ಅಷ್ಟೇ.'

'ಅಬ್ಬಾ, ಒಳ್ಳೇದಾಯ್ತು.'

'ಹೂಂ ಸಾರ್. ಫೋಟೋದಲ್ಲಿ ಹೀರೋನೇ ಅಜ್ಜ. ಬೆಳಗ್ಗೆ ಆರಕ್ಕೆ ತೆಗೀತೀವಿ, ಬಂದ್ಬಿಡಿ.'