ಶಾಲೆಗೆ ಕೀರ್ತಿ ತಂದವರನ್ನು ಫೋಟೊದಲ್ಲಿ ಹುಡುಕಿ

ಜಿಲ್ಲಾ ಪುಟದಲ್ಲಿ ಆ ಫೋಟೊ ಮತ್ತೆ ಬಂದಿದೆ. ನೀವೂ ನೋಡಿರುತ್ತೀರಿ. ಶಿಕ್ಷಣ ಇಲಾಖೆ ನಡೆಸುವ ಪ್ರತಿಭಾ ಕಾರಂಜಿ ಸ್ಪರ್ಧೆಗಳಲ್ಲಿ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದ ಪ್ರೌಢಶಾಲಾ ವಿದ್ಯಾರ್ಥಿಗಳು. ಮುಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಶಾಲು ಹೊದ್ದ ಗಣ್ಯರು, ಅವರ ಹಿಂದೆ ಶಿಕ್ಷಕರ ಸಾಲು, ಅದರ ಹಿಂದೆ ಬ್ಯಾನರ್. ಮಕ್ಕಳೆಲ್ಲಿ ಎಂದು ಕೇಳಬೇಡಿ, ಹುಡುಕಿ. ಎಡತುದಿಯಲ್ಲಿ ಅರ್ಧ ಮುಖ, ಬಲತುದಿಯಲ್ಲಿ ಒಂದು ಕೈ. ಕೈಯಲ್ಲಿ ಪ್ರಶಸ್ತಿ ಪತ್ರ. ಆ ಕೈಗೆ ಆಶುಭಾಷಣದಲ್ಲಿ ಪ್ರಥಮ ಸ್ಥಾನ.

ಕೆಳಗಿನ ಸುದ್ದಿಗೂ ಒಂದು ಅಚ್ಚು ಇದೆ. ಮೊದಲ ವಾಕ್ಯ ಶಾಲೆಯ ಹೆಸರಿಗೇ ಮುಗಿಯುತ್ತದೆ. ಎರಡನೆಯದರಲ್ಲಿ ಮಕ್ಕಳ ಹೆಸರು, ಒಂದು ಇನಿಷಿಯಲ್ ತಪ್ಪಾಗಿ. ಮೂರನೆಯದು ‘ಶಾಲೆಗೆ ಕೀರ್ತಿ ತಂದಿದ್ದಾರೆ’. ಅಲ್ಲಿಂದಾಚೆಗೆ ಅಭಿನಂದಿಸಿದವರ ಮೆರವಣಿಗೆ: ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಸಂಪನ್ಮೂಲ ಕೇಂದ್ರಗಳ ಬಿಆರ್‌ಸಿ, ಸಿಆರ್‌ಪಿ, ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ಉಪಾಧ್ಯಕ್ಷರು, ಸರ್ವ ಸದಸ್ಯರು, ಹಳೆಯ ವಿದ್ಯಾರ್ಥಿಗಳ ಸಂಘ. ಗೆದ್ದವರು ಮೂವರಾದರೆ ಅಭಿನಂದಿಸಿದವರು ಹದಿನೇಳು. ಜಾಗ ಸಾಲದೆ ಸುದ್ದಿಮನೆಯಲ್ಲಿ ಕತ್ತರಿ ಹಾಕಬೇಕಾಗಿ ಬಂದರೆ ಮೊದಲು ಹೋಗುವುದು ಮಕ್ಕಳ ಹೆಸರು. ಅಧ್ಯಕ್ಷರ ಹೆಸರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಫೋನು ಬರುತ್ತದೆ. ಎಂಟನೇ ತರಗತಿಯ ಹುಡುಗಿ ಯಾರಿಗೆ ಫೋನ್ ಮಾಡುತ್ತಾಳೆ?

ಪ್ರತಿಭಾ ಕಾರಂಜಿಯ ಯೋಚನೆ ಚೆನ್ನಾಗಿಯೇ ಇತ್ತು, ಈಗಲೂ ಇದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲುಗಳಿವೆ. ಹಳ್ಳಿಯ ಮಗುವೂ ಮೈಕಿನ ಮುಂದೆ ನಿಲ್ಲಲಿ ಎನ್ನುವುದಕ್ಕಿಂತ ಒಳ್ಳೆಯ ಆಸೆ ಯಾವುದಿದೆ? ತೊಂದರೆಯೆಲ್ಲ ವೇಳಾಪಟ್ಟಿಯದು. ಹಾಡು, ಮಿಮಿಕ್ರಿ, ಗಜಲ್, ರಂಗೋಲಿ, ಚರ್ಚಾಸ್ಪರ್ಧೆ, ಛದ್ಮವೇಷ, ಜನಪದ ನೃತ್ಯ ಎಲ್ಲವೂ ಒಂದೇ ದಿನ, ಒಂದೇ ಶಾಲೆಯಲ್ಲಿ. 8ನೇ ‘ಎ’ ಕೊಠಡಿಯಲ್ಲಿ ಭಾವಗೀತೆ, ಗೋಡೆಯಾಚೆ ಕೋಲಾಟದ ಸ್ಪೀಕರ್. ತೀರ್ಪುಗಾರರು ಯಾರು ಎಂದರೆ, ಸ್ಪರ್ಧೆಗೆ ಮಕ್ಕಳನ್ನು ಕರೆತಂದ ಶಿಕ್ಷಕರೇ. ಒಂಬತ್ತೂವರೆಗೆ ನಿಗದಿಯಾದ ಉದ್ಘಾಟನೆ ಹನ್ನೊಂದೂಮುಕ್ಕಾಲಿಗೆ ಆಗುತ್ತದೆ, ಏಕೆಂದರೆ ಉದ್ಘಾಟಕರಿಗೆ ಅದೇ ಬೆಳಿಗ್ಗೆ ಇನ್ನೊಂದು ಭೂಮಿಪೂಜೆ. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿ ಪ್ರತಿಮೆಯಾದ ಹುಡುಗ ಅಲ್ಲಿಯವರೆಗೆ ಕೂರುವಂತಿಲ್ಲ, ಕೂತರೆ ಬಣ್ಣ ಬೆಂಚಿಗೆ ಹತ್ತುತ್ತದೆ. ನೀರು ಕುಡಿಯುವಂತಿಲ್ಲ, ಕುಡಿದರೆ ಮೀಸೆ ಕಳಚುತ್ತದೆ. ಭಾಷಣ, ಸನ್ಮಾನ, ಸ್ಮರಣಿಕೆ ಮುಗಿದು ಅವನ ಸರದಿ ಬಂದಾಗ ಸಿಗುವುದು ಮೂರು ನಿಮಿಷ. ಎರಡನೇ ನಿಮಿಷಕ್ಕೆ ಗಂಟೆ ಹೊಡೆಯುತ್ತಾರೆ. ಊಟದ ಹೊತ್ತಾಯಿತಲ್ಲ.

ಆಶುಭಾಷಣದ ಸೊಗಸೇ ಬೇರೆ. ಚೀಟಿ ಎತ್ತಿ, ಬಂದ ವಿಷಯದ ಮೇಲೆ ಆ ಕ್ಷಣದಲ್ಲಿ ಹೊಳೆದದ್ದನ್ನು ಹೇಳಬೇಕು. ಆ ಕ್ಷಣದಲ್ಲಿ ಹೊಳೆಯುವುದನ್ನು ಹದಿನೈದು ದಿನ ಮುಂಚೆ ಬಾಯಿಪಾಠ ಮಾಡಿಸಿರುತ್ತಾರೆ. ಮಗುವಿಗೆ ಪರಿಸರ ಮಾಲಿನ್ಯ ಒಂದೇ ಬರುತ್ತದೆ ಎಂದುಕೊಳ್ಳಿ. ಚೀಟಿಯಲ್ಲಿ ಕ್ರಿಕೆಟ್ ಬಂದರೂ ಹೆದರಬೇಕಾಗಿಲ್ಲ. ಎರಡು ವಾಕ್ಯ ಕ್ರಿಕೆಟ್, ಮೂರನೆಯದು ‘ಕ್ರಿಕೆಟ್ ಆಡಲು ಮೈದಾನ ಬೇಕು, ಆದರೆ ಇಂದು ಮೈದಾನಗಳಲ್ಲಿ ಪ್ಲಾಸ್ಟಿಕ್ ತುಂಬಿದೆ’. ಅಲ್ಲಿಂದ ಗಾಡಿ ಹಳಿಗೆ ಬಂತು. ಮುಂದೆ ರಾಜಕೀಯಕ್ಕೆ ಹೋಗುವ ಮಕ್ಕಳಿಗೆ ಇದಕ್ಕಿಂತ ಉಪಯುಕ್ತ ತರಬೇತಿ ಯಾವ ಪಠ್ಯದಲ್ಲೂ ಇಲ್ಲ.

ವಿಜ್ಞಾನ ವಸ್ತುಪ್ರದರ್ಶನದ ಮಾತು ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ಕರ್ನಾಟಕದಲ್ಲಿ ಜ್ವಾಲಾಮುಖಿ ಇಲ್ಲ ಎಂದು ಭೂಗೋಳದ ಮೇಷ್ಟ್ರು ಹೇಳುತ್ತಾರೆ. ವಸ್ತುಪ್ರದರ್ಶನದ ದಿನ ಯಾವ ಪ್ರೌಢಶಾಲೆಗಾದರೂ ಹೋಗಿ, ಕನಿಷ್ಠ ಮೂರು ಸಿಗುತ್ತವೆ. ಅರ್ಧ ಲೀಟರ್ ನೀರಿನ ಬಾಟಲಿ, ಸುತ್ತ ಮೈದಾ ಅಂಟಿನಲ್ಲಿ ನೆನೆಸಿದ ಹಳೆ ಪೇಪರು, ಮೇಲೆ ಕಂದು ಪೋಸ್ಟರ್ ಬಣ್ಣ. ಒಳಗೆ ಎರಡು ಚಮಚ ಅಡುಗೆ ಸೋಡಾ, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್, ಚಿಟಿಕೆ ಕೆಂಪು ಬಣ್ಣ. ಅರ್ಧ ಲೋಟ ವಿನೆಗರ್ ಸುರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ, ಸೋಪು ಅದನ್ನು ಹಿಡಿದು ನೊರೆ ಮಾಡಿ, ಅರ್ಧ ನಿಮಿಷ ಕೆಂಪು ನೊರೆ ಇಳಿಯುತ್ತದೆ. ಚೆಂದ. ನಿಜವಾದ ಜ್ವಾಲಾಮುಖಿ ಚಿಮ್ಮುವುದು ಆಮ್ಲ, ಸೋಡಾ ಬೆರೆತಲ್ಲ. ಶಿಲಾಪಾಕದಲ್ಲಿ ಕರಗಿದ ಅನಿಲಗಳು, ಮುಖ್ಯವಾಗಿ ನೀರಾವಿ, ಮೇಲೆ ಬರುತ್ತಾ ಒತ್ತಡ ಕಡಿಮೆಯಾದಾಗ ಗುಳ್ಳೆಯಾಗಿ ಬಿಡುಗಡೆಯಾಗುತ್ತವೆ. ಅದೇ ಅದನ್ನು ಚಿಮ್ಮಿಸುವುದು. ಸೋಡಾ ಬಾಟಲಿಯನ್ನು ಅಲ್ಲಾಡಿಸಿ ಮುಚ್ಚಳ ತೆಗೆದಿದ್ದರೆ ಅದಕ್ಕಿಂತ ಹತ್ತಿರದ ಮಾದರಿ ಆಗುತ್ತಿತ್ತು. ಆದರೆ ಅದಕ್ಕೆ ಬಹುಮಾನ ಬರುವುದಿಲ್ಲ, ಮೇಲೆ ಅತಿಥಿಗಳ ಅಂಗಿ ನೆನೆಯುತ್ತದೆ.

ಅತಿಥಿಗಳು ಬರುವವರೆಗೆ ವಿನೆಗರ್ ಸುರಿಯಬಾರದು ಎಂಬುದು ಮೊದಲ ನಿಯಮ. ಹತ್ತು ಗಂಟೆಗೆ ಒಂದು ಸಲ ಸುಮ್ಮನೆ ನೋಡೋಣ ಎಂದು ಸುರಿಯುತ್ತಾರೆ, ಪಕ್ಕದ ಸೆಕ್ಷನ್ನಿನವರಿಗೆ ತೋರಿಸಲು ಇನ್ನೊಂದು ಸಲ. ಒಂದೂವರೆಗೆ ಅತಿಥಿಗಳು ರಿಬ್ಬನ್ ಕತ್ತರಿಸಿ ಬರುವಾಗ ಲೋಟದಲ್ಲಿ ಉಳಿದಿರುವುದು ನೀರು. ತೊಂದರೆಯಿಲ್ಲ, ಅವರು ಮೇಜಿನ ಮುಂದೆ ನಿಲ್ಲುವುದು ಎಂಟು ಸೆಕೆಂಡು.

ಪಕ್ಕದ ಮೇಜಿನಲ್ಲಿ ಸಿರಿಂಜಿನ ಜೆಸಿಬಿ. ಇದು ನಿಜಕ್ಕೂ ಒಳ್ಳೆಯ ಮಾದರಿ, ಅದಕ್ಕೇ ಹೊಟ್ಟೆ ಉರಿಯುವುದು. ಒಂದು ಕೀಲಿಗೆ ಎರಡು ಸಿರಿಂಜು, ನಡುವೆ ತೆಳು ಪೈಪು, ಒಳಗೆ ಬಣ್ಣದ ನೀರು. ಈ ಕಡೆ ಒತ್ತಿದರೆ ಆ ಕಡೆ ತೋಳು ಏಳಬೇಕು. ಏಳುವುದಿಲ್ಲ. ಪೈಪಿನೊಳಗೆ ಗಾಳಿಗುಳ್ಳೆ ಉಳಿದಿದೆ. ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಒತ್ತಿದ್ದೆಲ್ಲ ಅಲ್ಲೇ ಖರ್ಚಾಗುತ್ತದೆ. ಸಿರಿಂಜು, ಪೈಪು ಎಲ್ಲವನ್ನೂ ಬಕೆಟ್ಟಿನ ನೀರಿನೊಳಗೆ ಮುಳುಗಿಸಿಟ್ಟು ಜೋಡಿಸಿದರೆ ಗುಳ್ಳೆ ಬರುವುದಿಲ್ಲ. ಕೈಯಲ್ಲಿ 5 ಮಿಲಿಯದ್ದು, ತೋಳಿನ ಬಳಿ 20 ಮಿಲಿಯದ್ದು ಹಾಕಿದರೆ ಬಲ ಹೆಚ್ಚುತ್ತದೆ, ಸರಿಯುವ ದೂರ ಕಡಿಮೆಯಾಗುತ್ತದೆ. ಇಷ್ಟನ್ನು ತಾನೇ ತಡಕಾಡಿ ಕಂಡುಕೊಂಡ ಹುಡುಗನಿಗೆ, ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲೆಡೆ ಒಂದೇ ಸಮ ಹರಡುತ್ತದೆ ಎನ್ನುವ ಪಾಸ್ಕಲ್ ನಿಯಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತೋಳು ಏಳದಿದ್ದರೆ ಮೇಷ್ಟ್ರು ಹೇಳುವುದು, ‘ಬಿಇಒ ಸಾಹೇಬರು ಬರುವುದರೊಳಗೆ ಅದನ್ನು ಮೇಜಿನ ಕೆಳಗಿಡು, ಮಳೆನೀರು ಕೊಯ್ಲು ತಂದು ಮುಂದಿಡು’. ಮಳೆನೀರು ಕೊಯ್ಲು ಥರ್ಮೊಕೋಲಿನದ್ದು. ಅಲ್ಲಾಡುವ ಭಾಗ ಒಂದೂ ಇಲ್ಲ, ಹಾಗಾಗಿ ಕೆಡುವುದೂ ಇಲ್ಲ. ಪ್ರಥಮ ಬಹುಮಾನ ಅದಕ್ಕೇ.

ವಿವರಣೆ ಕೊಡುವ ಮಗುವನ್ನು ಮಾತ್ರ ಮಧ್ಯದಲ್ಲಿ ತಡೆಯಬೇಡಿ. ‘ನಮಸ್ತೆ, ನಮ್ಮ ಮಾದರಿಯ ಹೆಸರು...’ ಎಂದು ಶುರುವಾದದ್ದು ‘ಧನ್ಯವಾದಗಳು’ವರೆಗೆ ಒಂದೇ ಉಸಿರು. ನಡುವೆ ಪ್ರಶ್ನೆ ಕೇಳಿದರೆ ಮತ್ತೆ ‘ನಮಸ್ತೆ’ಯಿಂದ ಶುರು. 6ರಿಂದ 12ನೇ ತರಗತಿಯ ಮಕ್ಕಳ ಹೊಸ ಯೋಚನೆಗಳಿಗೆಂದು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ 10,000 ರೂಪಾಯಿ ಕೊಡುತ್ತಾರೆ. ರೆಡಿಮೇಡ್ ಮಾದರಿ ಮಾರುವವರಿಗೆ ಈ ವಿಷಯ ಚೆನ್ನಾಗಿ ಗೊತ್ತು.

ಕ್ರೀಡೆಯ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ, ಹತ್ತನೆಯವರ ಪಿ.ಟಿ. ಪೀರಿಯಡ್ಡನ್ನು ಗಣಿತದವರು ಯಾವತ್ತೋ ತೆಗೆದುಕೊಂಡಾಗಿದೆ. 4×100 ಮೀಟರ್ ರಿಲೇಯಲ್ಲಿ ಬೇಟನ್ ಬದಲಾಯಿಸಲು 30 ಮೀಟರಿನ ವಲಯವಿದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತಾಗುವುದು ತಾಲ್ಲೂಕು ಕ್ರೀಡಾಕೂಟದಲ್ಲಿ, ಅನರ್ಹರಾದ ಮೇಲೆ. ವಾರ್ಷಿಕ ವರದಿಯಲ್ಲಿ ಅದು ‘ತಾಲ್ಲೂಕು ಮಟ್ಟದಲ್ಲಿ ಭಾಗವಹಿಸಿದ್ದಾರೆ’.

ಇವೆಲ್ಲ ವರ್ಷಕ್ಕೊಮ್ಮೆಯ ಹಬ್ಬ. ದಿನನಿತ್ಯದ ಪೂಜೆ ಎಂದರೆ ರೂಪಣಾತ್ಮಕ ಮೌಲ್ಯಮಾಪನ (ಎಫ್‌ಎ), ಅಂದರೆ ಕಲಿಯುತ್ತಿರುವಾಗಲೇ ವರ್ಷದುದ್ದಕ್ಕೂ ಮಾಡುವ ಮೌಲ್ಯಮಾಪನ. ಹತ್ತನೇ ತರಗತಿಯಲ್ಲಿ ವರ್ಷಗಳಿಂದ ನಡೆದು ಬಂದ ಲೆಕ್ಕ ಹೀಗೆ: ವರ್ಷಕ್ಕೆ ನಾಲ್ಕು ಎಫ್‌ಎ, ಒಂದೊಂದರಲ್ಲೂ 15 ಅಂಕದ ಎರಡು ಚಟುವಟಿಕೆ ಮತ್ತು 20 ಅಂಕದ ಕಿರುಪರೀಕ್ಷೆ. ನಾಲ್ಕೂ ಸೇರಿ 200. ಅದನ್ನು 20ಕ್ಕೆ ಇಳಿಸಿದರೆ ಆಂತರಿಕ ಅಂಕ. ಪ್ರಥಮ ಭಾಷೆಗೆ 25. ಆರು ವಿಷಯಕ್ಕೆ ಎಂಟೆಂಟರಂತೆ ಒಂದು ಮಗುವಿಗೆ 48 ಚಟುವಟಿಕೆ. ಅರವತ್ತು ಮಕ್ಕಳ ತರಗತಿಯಾದರೆ 2,880. ಇಷ್ಟನ್ನೂ ಮಾಡಿಸಿ, ನೋಡಿ, ಅಂಕ ಕೊಟ್ಟು, ದಾಖಲೆ ಇಟ್ಟು, ನಡುವೆ ಜನಗಣತಿಯೋ ಮತದಾರರ ಪಟ್ಟಿಯೋ ಬಂದರೆ ಅದನ್ನೂ ಮುಗಿಸಿ, ಸಮಯ ಮಿಕ್ಕರೆ ಪಾಠ.

ಹಾಗಾಗಿ ಚಟುವಟಿಕೆಗಳು ಹುಟ್ಟುವುದು ಸ್ಟೇಷನರಿ ಅಂಗಡಿಯಲ್ಲಿ. ಸ್ವಾತಂತ್ರ್ಯ ಹೋರಾಟಗಾರರ ಚಿತ್ರದ ಹಾಳೆ ತಂದು, ಕತ್ತರಿಸಿ, ಅಂಟಿಸಿ, ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಎಳೆದು, ಮೇಲೆ ಮಿನುಗು ಪುಡಿ. ಬರವಣಿಗೆ ಅಮ್ಮನದ್ದೋ ಅಕ್ಕನದ್ದೋ ಎಂಬುದು ‘ಶ’ಕಾರ ನೋಡಿದರೇ ತಿಳಿಯುತ್ತದೆ. ಆಂತರಿಕ ಅಂಕಗಳ ಪರಿಶೀಲನೆಗೆ ತಂಡ ಬರುತ್ತದೆ ಎಂದು ಗೊತ್ತಾದ ಮೇಲಿನ ಎರಡು ರಾತ್ರಿಗಳಲ್ಲಿ ಇಡೀ ವರ್ಷದ ಚಟುವಟಿಕೆ ನಡೆದುಹೋಗುತ್ತದೆ. 14, 13, 15, 14, 13 ಎಂದು ಅಂಕ ಬೀಳುತ್ತವೆ. ಎಲ್ಲರಿಗೂ 15 ಕೊಟ್ಟರೆ ಅನುಮಾನ, 10 ಕೊಟ್ಟರೆ ಪೋಷಕರು. ಜಾಣ ಶಿಕ್ಷಕರು ನಡುನಡುವೆ ಪೆನ್ನು ಬದಲಾಯಿಸುತ್ತಾರೆ.

ಈ ಮಿನುಗು ಪುಡಿಗೆ ಈಗ ಬೆಲೆ ಏರಿದೆ. ಎಸ್ಸೆಸ್ಸೆಲ್ಸಿ ಪಾಸಾಗಲು 625ಕ್ಕೆ 219 ಅಂಕ ಬೇಕಿತ್ತು. 2025-26ರಿಂದ ಶೇ 33, ಅಂದರೆ 206 ಸಾಕು. ಪ್ರತಿ ವಿಷಯದಲ್ಲಿ ಆಂತರಿಕ, ಬಾಹ್ಯ ಸೇರಿ ಶೇ 30 ಬಂದರಾಯಿತು. ಆಂತರಿಕದಲ್ಲಿ 20ಕ್ಕೆ 20 ಬಂದ ಮಗುವಿಗೆ 80 ಅಂಕದ ಲಿಖಿತ ಪರೀಕ್ಷೆಯಲ್ಲಿ 13 ಬಂದರೆ 33 ಆಯಿತು. ಅಂಟಿಸಿದ್ದಕ್ಕೆ ಇಪ್ಪತ್ತು, ಓದಿದ್ದಕ್ಕೆ ಹದಿಮೂರು. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದದ್ದು 2024ರಲ್ಲಿ. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ಎತ್ತಿ ಹಿಡಿದ ಮೇಲೆ. 2025ರ ಮೊದಲ ಪರೀಕ್ಷೆಯಲ್ಲಿ 66.14. ಚಾರ್ಟಿಗೆ ಅಂಟು ಹಚ್ಚುವ ಕೊಠಡಿಗೆ ಮಾತ್ರ ಇನ್ನೂ ಯಾರೂ ಕ್ಯಾಮೆರಾ ಹಾಕಿಲ್ಲ.

ಫಲಿತಾಂಶ ಬಂದ ಸಂಜೆ ಫ್ಲೆಕ್ಸ್ ಏಳುತ್ತದೆ. ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾದದ್ದು 2016ರಲ್ಲಿ. ಇಕೋ ಕ್ಲಬ್ಬಿನ ಸಾಧನೆಯನ್ನೂ ಅದರಲ್ಲೇ ಮುದ್ರಿಸುತ್ತಾರೆ. ‘ರಾಜ್ಯಕ್ಕೆ ದ್ವಿತೀಯ’ ಎಂದಿರುವ ಮಗುವಿಗೆ ಬಂದದ್ದು 624. 2022ರಲ್ಲಿ 625ಕ್ಕೆ 625 ತೆಗೆದವರೇ 145 ಮಂದಿ. 146ನೆಯವರನ್ನು ದ್ವಿತೀಯ ಎನ್ನುವ ಗಣಿತವನ್ನು ಆ ಶಾಲೆ ಎಲ್ಲಿ ಕಲಿಸುತ್ತದೋ, ನೂರಕ್ಕೆ ನೂರು ಬಂದವರೇ ಹೇಳಬೇಕು.

ಫ್ಲೆಕ್ಸಿನ ನೆತ್ತಿಯ ಮೇಲಿರುವುದು ‘ಸತತವಾಗಿ ಶೇ 100’. ಇದನ್ನು ತಮಾಷೆ ಮಾಡಲು ಬರುವುದಿಲ್ಲ. ಇದು ಹೇಗಾಗುತ್ತದೆಂದು ಊರಿನ ಎಲ್ಲ ಶಿಕ್ಷಕರಿಗೂ ಗೊತ್ತು. ಒಂಬತ್ತನೇ ತರಗತಿಯ ಕೊನೆಗೆ ಕೆಲವು ಪೋಷಕರನ್ನು ಕರೆಸುತ್ತಾರೆ. ‘ನಿಮ್ಮ ಮಗನಿಗೆ ಇಲ್ಲಿ ಒತ್ತಡ ಜಾಸ್ತಿಯಾಗುತ್ತೆ, ಬೇರೆ ಶಾಲೆ ನೋಡಿ’ ಎಂದು ಟಿ.ಸಿ. ಕೈಗಿಡುತ್ತಾರೆ. ಒಪ್ಪದಿದ್ದರೆ ಫೇಲು. ಅಥವಾ ಶೇ 75 ಹಾಜರಾತಿ ಇಲ್ಲ ಎಂಬ ಕಾಗದ. ಅಥವಾ ‘ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿ, ನಾವೇ ಅರ್ಜಿ ತುಂಬಿಸಿಕೊಡ್ತೀವಿ’. ಖಾಸಗಿ ಅಭ್ಯರ್ಥಿ ಫೇಲಾದರೆ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ಹದಿನಾಲ್ಕು ವರ್ಷದ ಮಗುವಿಗೆ ನೀನು ನಮ್ಮ ಶೇಕಡಾವಾರಿಗೆ ಹೊರೆ ಎಂದು ಹೇಳಿ ಗೇಟಿನಾಚೆ ಕಳಿಸುವುದಕ್ಕೆ ಸಾಧನೆ ಎನ್ನುತ್ತಾರೆ, ಅದಕ್ಕೆ ಹಾರ ಹಾಕುತ್ತಾರೆ, ಅದನ್ನು ನೋಡಿ ಮರುವರ್ಷ ಅಡ್ಮಿಷನ್ನಿಗೆ ಸಾಲು ನಿಲ್ಲುತ್ತೇವೆ.

ಆ ಮಗು ಹೋಗಿ ಸೇರುವುದು ಸರ್ಕಾರಿ ಪ್ರೌಢಶಾಲೆಗೆ. ಅಲ್ಲಿ ಇಲ್ಲ ಎನ್ನುವಂತಿಲ್ಲ, ಎನ್ನುವುದೂ ಇಲ್ಲ. ಅವನನ್ನು ‘ದತ್ತು’ ತೆಗೆದುಕೊಂಡ ಶಿಕ್ಷಕರು ಬೆಳಗಿನ ಐದಕ್ಕೆ ಫೋನ್ ಮಾಡಿ ಎಬ್ಬಿಸುತ್ತಾರೆ, ಸಂಜೆ ಮನೆ ಭೇಟಿ ಮಾಡುತ್ತಾರೆ, ಪಾಸಾಗಲು ಬೇಕಾದಷ್ಟನ್ನೇ ಆರಿಸಿದ ‘ಪಾಸಿಂಗ್ ಪ್ಯಾಕೇಜ್’ ಓದಿಸುತ್ತಾರೆ. ಆದರೂ ಗಣಿತದಲ್ಲಿ ಫೇಲಾದರೆ ಮುಖ್ಯ ಶಿಕ್ಷಕರಿಗೆ ‘ಫಲಿತಾಂಶ ಕಡಿಮೆಯಾಗಲು ಕಾರಣವೇನು’ ಎಂದು ನೋಟಿಸ್. ಕಳಿಸಿದ ಶಾಲೆಗೆ ಅದೇ ವಾರ ಸನ್ಮಾನ.

ಕಾರಣ ಬೇಕಾದರೆ ಸ್ಯಾಟ್ಸ್ ತೆರೆದು ನೋಡಲಿ. ವಿದ್ಯಾರ್ಥಿಗಳ ಸಾಧನೆಯ ಜಾಡು ಹಿಡಿಯಲೆಂದೇ ಇಲಾಖೆ ಮಾಡಿಕೊಂಡ ತಂತ್ರಾಂಶ ಅದು. ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತರ ಪರೀಕ್ಷೆಗೆ ಶಾಲೆಯ ಹೆಸರಿನಲ್ಲಿ ಎಷ್ಟು ಮಂದಿ ಕೂತರು ಎನ್ನುವ ಎರಡು ಅಂಕಿಗಳನ್ನು ‘ಶೇ 100’ರ ಪಕ್ಕದಲ್ಲೇ ಮುದ್ರಿಸುವುದನ್ನು ಕಡ್ಡಾಯ ಮಾಡಲಿ. ಫ್ಲೆಕ್ಸಿಗೆ ದುಡ್ಡು ಚದರ ಅಡಿ ಲೆಕ್ಕ, ಅಕ್ಷರದ ಲೆಕ್ಕವಲ್ಲ. ಖರ್ಚು ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ.