‘ಟ್ವಿನ್ ಪೀಕ್ಸ್’ ನಡೆದ ಕೊಲೆಯ ಕಥೆಯೇ?

1990ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಆರಂಭವಾದ ‘ಟ್ವಿನ್ ಪೀಕ್ಸ್’ ಧಾರಾವಾಹಿಯು ವಾಷಿಂಗ್ಟನ್ ರಾಜ್ಯದ ಅದೇ ಹೆಸರಿನ ಊರಿನಲ್ಲಿ ನಡೆದ ಕೊಲೆಯೊಂದರ ಯಥಾವತ್ ಚಿತ್ರಣ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಇದು ನಿಜವಲ್ಲ.

ಆ ಊರು ಕಲ್ಪಿತ. ಶೀರ್ಷಿಕೆಯ ವೇಳೆ ಕಾಣುವ, ಜನಸಂಖ್ಯೆ 51,201 ಎಂದು ಬರೆದ ಫಲಕವನ್ನು ಸ್ನೋಕ್ವಾಲ್ಮಿ ಎಂಬ ಪುಟ್ಟ ಊರಿನ ಬಳಿ ಚಿತ್ರೀಕರಣಕ್ಕೆಂದೇ ನೆಡಲಾಗಿತ್ತು. ಅಲ್ಲಿನ ಜಲಪಾತ ಮಾತ್ರ ಅಸಲಿ.

ಹಾಗೆಂದು ಸಂದೇಶ ಪೂರ್ತಿ ಗಾಳಿಮಾತೂ ಅಲ್ಲ. 1908ರ ಜುಲೈನಲ್ಲಿ, ದೇಶದ ಇನ್ನೊಂದು ತುದಿಯ ನ್ಯೂಯಾರ್ಕ್ ರಾಜ್ಯದ ಸ್ಯಾಂಡ್ ಲೇಕ್ ಬಳಿಯ ಕೊಳವೊಂದರಲ್ಲಿ ಹೇಝಲ್ ಡ್ರೂ ಎಂಬ ಯುವತಿಯ ಶವ ಸಿಕ್ಕಿತ್ತು. ಡೇವಿಡ್ ಲಿಂಚ್ ಜೊತೆಗೂಡಿ ಧಾರಾವಾಹಿಯನ್ನು ರೂಪಿಸಿದ ಮಾರ್ಕ್ ಫ್ರಾಸ್ಟ್, ಬಾಲ್ಯದಲ್ಲಿ ಅಜ್ಜಿಯಿಂದ ಕೇಳಿದ ಈ ಕಥೆಯೂ ತಮಗೆ ಪ್ರೇರಣೆಯೆಂದು ಹೇಳಿದ್ದಾರೆ. ಆದರೆ ಪ್ರೇರಣೆ ಬೇರೆ, ದಾಖಲೆ ಬೇರೆ: ಧಾರಾವಾಹಿಯಲ್ಲಿ ಕಾಣುವ ಕೆಂಪು ಪರದೆಗಳ ಕೋಣೆ, ತಿರುಚಿದ ಮಾತಿನ ಕುಳ್ಳ, ಮರದ ದಿಮ್ಮಿಯನ್ನು ಮಗುವಿನಂತೆ ಎತ್ತಿಕೊಂಡ ಹೆಂಗಸು, ಇವು ಯಾವ ಪೊಲೀಸ್ ಕಡತದಿಂದಲೂ ಬಂದವಲ್ಲ. ಧಾರಾವಾಹಿಯಲ್ಲಿ ಕೊಲೆಯಾಗುವ ಹುಡುಗಿ ಲಾರಾ ಪಾಮರ್‌ಳನ್ನು ಕೊಂದವರು ಯಾರೆಂಬುದು 1990ರ ನವೆಂಬರ್‌ನಲ್ಲಿ ತೆರೆಯ ಮೇಲೆ ಬಯಲಾಯಿತು (ನೋಡದವರಿಗಾಗಿ ಇಲ್ಲಿ ಹೇಳುತ್ತಿಲ್ಲ). ಹೇಝಲ್ ಡ್ರೂ ಪ್ರಕರಣದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ.