ಅಪ್ಪಿ, ಬೂಟು ಹಾಕ್ಕೋ!

ಇವತ್ತು ಮತ್ತೆ ಎಡಗೈ ಗ್ಲೌಸ್ ಸಿಗಲಿಲ್ಲ. ಈ ವಾರದಲ್ಲಿ ಇದು ಮೂರನೇ ಸಲ. ಯಾವಾಗಲೂ ಎಡಗೈಯದೇ ಯಾಕೆ ಕಳೆಯುತ್ತದೆ ಅಂತ ಕೇಳಬೇಡಿ. ನಿಮ್ಮ ಮನೆ ಮುಂದೆ ಶಾಲೆ ವ್ಯಾನು ಹಾರ್ನ್ ಹೊಡೆಯುವ ಹೊತ್ತಿಗೆ ಸರಿಯಾಗಿ ಒಂದು ಕಾಲಿನ ಸಾಕ್ಸ್ ಯಾಕೆ ಮಾಯವಾಗುತ್ತದೋ, ಅದೇ ಕಾರಣ. ಅಲ್ಲಿ ಒಂದು ಮಗು, ಒಂದು ಸಾಕ್ಸ್. ಇಲ್ಲಿ 7 ಮಕ್ಕಳು, 14 ಗ್ಲೌಸ್, ಹೊರಗೆ ಮೈನಸ್ 12 ಡಿಗ್ರಿ. ಸಿಗದೇ ಇದ್ದರೆ 'ಹೋಗ್ಲಿ ಬಿಡು, ಹಾಗೇ ನಡಿ' ಅನ್ನುವ ಹಾಗೂ ಇಲ್ಲ, 'ಇವತ್ತು ಹೊರಗೆ ಬೇಡ' ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಎಸ್ಟೋನಿಯಾದಲ್ಲಿ ಮಕ್ಕಳು ಹೊರಗೆ ಹೋಗಲೇಬೇಕು. ಹಿಮ ಬೀಳಲಿ, ಗಾಳಿ ಬೀಸಲಿ. ನಮ್ಮಲ್ಲಿ ನಾಲ್ಕು ಹನಿ ಬಿದ್ದರೆ ತಲೆಗೆ ಟವೆಲ್ ಹೊದೆಸಿ ಒಳಗೆ ಎಳೆದುಕೊಂಡು ಹೋಗುತ್ತೇವಲ್ಲ, ಇವರು ಅದೇ ಹನಿಗೆ ಮಕ್ಕಳನ್ನು ಹೊರಗೆ ಅಟ್ಟುತ್ತಾರೆ.

ನಾನು ಶಿರಸಿ ಕಡೆಯವಳು. ನಮ್ಮನೆಯವರಿಗೆ ಇಲ್ಲಿ ತಾರ್ತು ಊರಿನ ವಿಶ್ವವಿದ್ಯಾಲಯದಲ್ಲಿ ಕೆಲಸ. 1632ರಲ್ಲಿ ಶುರುವಾದ ಹಳೇ ವಿಶ್ವವಿದ್ಯಾಲಯ, ಊರೆಲ್ಲ ಅದರ ಸುತ್ತಲೇ ಇದೆ. ಬಂದ ಮೊದಲ ಚಳಿಗಾಲ ನಾನು ಮನೆಯಲ್ಲಿ ಕೂತು ಕಿಟಕಿ ನೋಡಿದೆ. ಮಧ್ಯಾಹ್ನ ಮೂರೂವರೆಗೆ ಕತ್ತಲಾಗುವ ಕಿಟಕಿಯಲ್ಲಿ ಎಷ್ಟು ಅಂತ ನೋಡುವುದು? ಎರಡನೇ ವರ್ಷ ಅಂಗವಿಕಲ ಮಕ್ಕಳ ಒಂದು ಡೇ ಸೆಂಟರಿಗೆ ವಾರಕ್ಕೆ ಮೂರು ದಿನ ಹೋಗಲು ಶುರು ಮಾಡಿದೆ. ಸಂಬಳ ಇಲ್ಲ. ಇಂಥವರಿಗೆ ಇಲ್ಲಿ 'ವಬತಹ್ತ್‌ಲಿಕ್' ಅನ್ನುತ್ತಾರೆ. ಆ ಪದವನ್ನು ಸರಿಯಾಗಿ ಹೇಳಲು ಕಲಿಯುವಷ್ಟರಲ್ಲಿ ಒಂದು ತಿಂಗಳ ಸೇವೆ ಮುಗಿದಿತ್ತು.

ಭಾಷೆಯ ವಿಷಯದಲ್ಲಿ ನನಗೆ ಮೊದಲು ತುಂಬಾ ಧೈರ್ಯ ಇತ್ತು. ಎಸ್ಟೋನಿಯನ್ನಿಗೆ 14 ವಿಭಕ್ತಿ ಅಂತ ಯುರೋಪಿನವರೆಲ್ಲ ಹೆದರುತ್ತಾರೆ. ನಾವು ಹೆದರಬೇಕಾ? ತಾರ್ತುವಿನಲ್ಲಿ ಅನ್ನಲು 'ತಾರ್ತುಸ್', ತಾರ್ತುವಿನಿಂದ ಅನ್ನಲು 'ತಾರ್ತುಸ್ತ್'. ಪದದ ಬಾಲಕ್ಕೆ ಅಂಟಿಸಿದರಾಯಿತು, ನಮ್ಮದೂ ಅದೇ ಕಥೆ. ನನಗೆ ಕೈಕೊಟ್ಟಿದ್ದು ವಿಭಕ್ತಿ ಅಲ್ಲ, ನನ್ನ ಕನ್ನಡ ಕಿವಿ. ಇಲ್ಲಿ ನಮಸ್ಕಾರಕ್ಕೆ 'ತೆರೆ' ಅನ್ನುತ್ತಾರೆ. ನಾನು ಬಾಗಿಲ ಹೊರಗೆ ನಿಂತು 'ತೆರೆ' ಅಂತೀನಿ, ಅವರು ಒಳಗೆ ನಿಂತು 'ತೆರೆ' ಅಂತಾರೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಮಕ್ಕಳಿಗೆ ಚಳಿಗೆ ಹಾಕುವ, ಕುತ್ತಿಗೆಯಿಂದ ಪಾದದವರೆಗೆ ಒಂದೇ ತುಂಡಿನ ದಪ್ಪ ಬಟ್ಟೆಗೆ 'ಕೊಂಬೆ'. ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು 'ಓತಾ'. ಅವರ ತ ನಮ್ಮ ತ ಮತ್ತು ಟ ಎರಡರ ನಡುವೆ ಎಲ್ಲೋ ಇದೆ, ನನ್ನ ಕಿವಿಗೆ ಚೊಕ್ಕವಾಗಿ 'ಓಟ' ಅಂತಲೇ ಬೀಳುತ್ತದೆ. ಅರ್ಥ ಮಾತ್ರ 'ತಾಳು'. ತಾಳು ಅನ್ನುವುದಕ್ಕೆ ಓಟ ಅನ್ನುವ ಜನರ ಜೊತೆ ಹೇಗೆ ಬಾಳುವುದು ಹೇಳಿ.

ಈ 'ಓತಾ' ದಿನಕ್ಕೆ ಐವತ್ತು ಸಲ ಕೇಳುವುದು ನಮ್ಮ ಅಕ್ಕೋರ ಬಾಯಲ್ಲಿ. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತೇವೆ, ಹಾಗಾಗಿ ಇವರೂ ನನಗೆ ಅಕ್ಕೋರೇ. ಆರಡಿ ಎತ್ತರ, ಮಾತು ಆರು ಇಂಚು. ಹೌದು ಅನ್ನುವಾಗ ಉಸಿರನ್ನು ಒಳಗೆ ಎಳೆದುಕೊಂಡು 'ಯಾಹ್' ಅನ್ನುತ್ತಾರೆ. ಮೊದಲ ದಿನ ನಾನು ಅಸ್ತಮಾ ಅಂದುಕೊಂಡು ಕಿಟಕಿ ತೆಗೆದೆ. ಮೈನಸ್ 8 ಡಿಗ್ರಿಯಲ್ಲಿ. ಅವರ ಹುಟ್ಟುಹಬ್ಬಕ್ಕೆ ಧಾರಾಳವಾಗಿ ಇರಲಿ ಅಂತ 10 ಹೂವು ತಂದುಕೊಟ್ಟೆ. ಇಲ್ಲಿ ಸಮಸಂಖ್ಯೆಯ ಹೂವು ಕೊಡುವುದು ಹೆಣಕ್ಕೆ. ಅಕ್ಕೋರು ಏನೂ ಹೇಳಲಿಲ್ಲ, ಒಂದು ಹೂವನ್ನು ಮೆಲ್ಲಗೆ ಎಳೆದು ಬೇರೆ ಲೋಟದಲ್ಲಿಟ್ಟು ತಮ್ಮ ಆಯುಷ್ಯ ಉಳಿಸಿಕೊಂಡರು. ಇನ್ನೊಮ್ಮೆ ನಾಲ್ಕು ಅಂಗಡಿ ಅಲೆದು ಸಾಸಿವೆ, ಕಡಲೆಬೇಳೆ ಹೊಂದಿಸಿ ಚಿತ್ರಾನ್ನ ಮಾಡಿಕೊಂಡು ಹೋದೆ. ಒಂದು ತಟ್ಟೆ ತಿಂದರು. ಇನ್ನೊಂದು ತಟ್ಟೆ ತಿಂದರು. 'ಹೇಗಿದೆ?' ಅಂದೆ. 'ನೋರ್ಮಾಲ್ನೆ' ಅಂದರು. ನಾರ್ಮಲ್ ಅಂತೆ! ಅವತ್ತು ರಾತ್ರಿ ನಾನು ಊಟ ಬಿಟ್ಟೆ. ಇದು ಈ ದೇಶದ ದೊಡ್ಡ ಹೊಗಳಿಕೆ ಅಂತ ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು.

ಸರಿ, ಓತಾ. ಮಕ್ಕಳಿಗೆ ಬಟ್ಟೆ ಹಾಕುವ ಹೊತ್ತು. ಇಲ್ಲೊಬ್ಬಳು ಮಾತಿನ ಮಲ್ಲಿ ಇದ್ದಾಳೆ, ಎಂಟು ವರ್ಷ, ಗಾಲಿಕುರ್ಚಿ. ಕೈ ಬೆರಳುಗಳು ಹೇಳಿದ ಮಾತು ಅಷ್ಟಾಗಿ ಕೇಳುವುದಿಲ್ಲ. ಅವಳ ಕೊಂಬೆಯ ಜಿಪ್ಪಿಗೆ ಬೀಗದ ಕೈ ಸಿಕ್ಕಿಸುವ ರಿಂಗ್ ಒಂದನ್ನು ಹಾಕಿದ್ದಾರೆ, ಬೆರಳು ತೂರಿಸಿ ಎಳೆಯಲು. ಅವಳು ಗುರಿ ಇಟ್ಟು ಬೆರಳು ತರುತ್ತಾಳೆ, ರಿಂಗ್ ತಪ್ಪುತ್ತದೆ. ಮತ್ತೆ ತರುತ್ತಾಳೆ, ತಪ್ಪುತ್ತದೆ. ನಾನು ಮಕ್ಕಳ ಬಾಯಿಗೆ ತುತ್ತು ಇಡುತ್ತಾ ಬೆನ್ನ ಹಿಂದೆ ಓಡುವ ದೇಶದವಳು. ನನ್ನ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಹಿಂದಿನಿಂದ 'ಓತಾ' ಅಂತ ಕೇಳುತ್ತದೆ. ಓಟ ಅಂತ ನನ್ನ ಕೈ ಇನ್ನೂ ಬೇಗ ಹೋಗುತ್ತದೆ. 'ಓತಾ! ಓತಾ!' ಅಷ್ಟರಲ್ಲಿ ನಾನು ಜಿಪ್ಪು ಎಳೆದು ಗೆದ್ದವಳ ಹಾಗೆ ನಿಂತಿರುತ್ತೇನೆ. ಮಾತಿನ ಮಲ್ಲಿ ನನ್ನನ್ನು ಉರಿಗಣ್ಣಿನಿಂದ ನೋಡಿ, ನನ್ನಿಂದಲೇ ಜಿಪ್ಪು ಕೆಳಗೆ ಎಳೆಸಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. 11 ನಿಮಿಷ. ಗಡಿಯಾರ ನೋಡಿದ್ದೇನೆ.

ಇನ್ನೊಬ್ಬ ನನ್ನ ಅಪ್ಪಿ. ಒಂಬತ್ತು ವರ್ಷ, ಮಾತಿಲ್ಲ, ಚಿತ್ರದ ಕಾರ್ಡುಗಳಲ್ಲೇ ಅವನ ವ್ಯವಹಾರ. ಗೋಡೆಯ ಮೇಲೆ ಸಾಲಾಗಿ ಸಾಕ್ಸ್, ಸ್ವೆಟರ್, ಕೊಂಬೆ, ಬೂಟು, ಟೋಪಿ, ಗ್ಲೌಸ್. ಒಂದೊಂದು ಹಾಕಿಕೊಂಡ ಹಾಗೆ ಒಂದೊಂದು ಕಾರ್ಡ್ ಕಿತ್ತು ಡಬ್ಬಿಗೆ ಹಾಕಬೇಕು. ಬೂಟಿಗಿಂತ ಮೊದಲು ಟೋಪಿ ಇಟ್ಟಿರೋ, ಎಲ್ಲ ಬಿಚ್ಚಿ ಪುನಃ ಸಾಕ್ಸಿನಿಂದ. ನಮ್ಮೂರ ಪುರೋಹಿತರೂ ಇಷ್ಟು ಕ್ರಮ ನೋಡುವುದಿಲ್ಲ.

ನಮ್ಮ ಕಡೆ ಚಿಕ್ಕ ಹುಡುಗರನ್ನು ಅಪ್ಪಿ ಅನ್ನುವುದು. ಅದು ಬಾಯಿಗೆ ತಾನಾಗಿ ಬರುತ್ತದೆ. ನಾನು ಸೇರಿದಾಗಿನಿಂದ ಇವನಿಗೆ 'ಅಪ್ಪಿ, ಬಾ', 'ಅಪ್ಪಿ, ಕಾಲು ಕೊಡು' ಅಂತ ಮುದ್ದು ಮಾಡುತ್ತಾ ಇದ್ದೆ. ಶುರುವಿನಲ್ಲಿ ನಾನು ಹಾಗಂದಾಗಲೆಲ್ಲ ಪಕ್ಕದ ಕೋಣೆಯಿಂದ ಯಾರಾದರೂ ಇಣುಕುತ್ತಿದ್ದರು. ಪರವಾಗಿಲ್ವೇ, ಎಷ್ಟು ಕಾಳಜಿ ಅಂದುಕೊಂಡಿದ್ದೆ. ಆಮೇಲಾಮೇಲೆ ಇಣುಕುವುದು ನಿಂತಿತು. ಅದಕ್ಕೂ ನಾನೇ ಒಂದು ಅರ್ಥ ಹಚ್ಚಿಕೊಂಡೆ, ನನ್ನ ಮೇಲೆ ನಂಬಿಕೆ ಬಂತು ಅಂತ.

ಡಿಸೆಂಬರಿನಲ್ಲಿ ಮಕ್ಕಳನ್ನು ತೋಮೆಮ್ಯಾಗಿ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆವು. ಊರ ನಡುವಿನ ಗುಡ್ಡ, ಮೇಲೆ ಹಳೇ ಚರ್ಚಿನ ಪಾಳು ಗೋಡೆಗಳು, ಇಳಿಜಾರಿನ ತುಂಬಾ ಹಿಮ. ಅಪ್ಪಿಯನ್ನು ಕೆಲ್ಕ್ ಮೇಲೆ, ಅಂದರೆ ಹಿಮದಲ್ಲಿ ಜಾರುವ ಪುಟ್ಟ ಗಾಡಿಯ ಮೇಲೆ ಕೂರಿಸಿ ಹಗ್ಗ ಹಿಡಿದು ನಾನು ಎಳೆಯುತ್ತಿದ್ದೆ. ಎಲ್ಲೋ ಹಗ್ಗ ಹಗುರ ಆಯಿತು. ತಿರುಗಿ ನೋಡಿದರೆ ಗಾಡಿ ಇದೆ, ಸವಾರ ಇಲ್ಲ. ಹತ್ತು ಮಾರು ಹಿಂದೆ ಹಿಮದಲ್ಲಿ ಅಂಗಾತ ಬಿದ್ದುಕೊಂಡು ಆಕಾಶ ನೋಡುತ್ತಿದ್ದಾನೆ. ನನ್ನ ಎದೆ ಧಸಕ್ಕೆಂದಿತು. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಮಗು ಕಳೆದುಕೊಂಡವಳ ಹಾಗೆ 'ಅಪ್ಪೀ! ಅಯ್ಯೋ, ಅಪ್ಪೀ! ಅಪ್ಪೀ!' ಅಂತ ಕೂಗುತ್ತಾ ಓಡಿದೆ.

ಈಗ ಒಂದು ಮಾತು ಹೇಳಬೇಕು. ಈ ಊರಲ್ಲಿ ಒಂದೂವರೆ ವರ್ಷದಿಂದ ಒಬ್ಬರೂ ರಸ್ತೆಯಲ್ಲಿ ನನ್ನ ಮುಖ ನೋಡಿ ನಕ್ಕಿಲ್ಲ. ಬಸ್ಸಿನಲ್ಲಿ ನಾನು ಕೂತರೆ ಪಕ್ಕದ ಸೀಟು ಕೊನೆಯ ಸ್ಟಾಪಿನವರೆಗೂ ಖಾಲಿ. ಅಂಥವರು, ಅಂಥ ಇಷ್ಟು ಜನ, ಎಲ್ಲಿಂದ ಬಂದರೋ ಗೊತ್ತಿಲ್ಲ, ನಾಲ್ಕೂ ದಿಕ್ಕಿನಿಂದ ಓಡಿ ಬಂದರು. ನಾಯಿ ಹಿಡಿದವನು ನಾಯಿಯನ್ನು ಮರಕ್ಕೆ ಸಿಕ್ಕಿಸಿ ಓಡಿ ಬಂದ. ಇಬ್ಬರು ಹುಡುಗರು ಸೈಕಲ್ ಬಿಸಾಕಿ ಬಂದರು. ಎರಡೂ ಕೈಯಲ್ಲಿ ಕೋಲು ಹಿಡಿದು ವಾಕಿಂಗ್ ಮಾಡುತ್ತಿದ್ದ ಒಬ್ಬರು ಅಜ್ಜಿ ಆ ಕೋಲು ಊರಿಕೊಂಡೇ ಎಲ್ಲರಿಗಿಂತ ಮೊದಲು ಮುಟ್ಟಿದರು. ಒಬ್ಬಾಕೆ ಆಗಲೇ ಫೋನ್ ಕಿವಿಗಿಟ್ಟು 112ಕ್ಕೆ ಮಾತಾಡುತ್ತಿದ್ದಳು. ನನ್ನ ಸುತ್ತ ಏಳೆಂಟು ಜನ, ಎಲ್ಲರ ಮುಖದಲ್ಲೂ ಗಾಬರಿ. ನನಗೋ ಕಣ್ಣು ತುಂಬಿ ಬಂತು. ಎಷ್ಟು ಒಳ್ಳೆಯ ಜನ, ಸುಮ್ನೆ ಬೈದುಕೊಂಡೆನಲ್ಲ ಅಂತ. ಅಪ್ಪಿ ಹಿಮದಿಂದ ಎದ್ದು ಕೂತು ಟೋಪಿ ಸರಿ ಮಾಡಿಕೊಂಡ. ಅವನಿಗೆ ಕೂದಲೂ ಕೊಂಕಿರಲಿಲ್ಲ. ಅಷ್ಟರಲ್ಲಿ ಅಕ್ಕೋರು ಬಂದು ಆ ಗುಂಪಿಗೆ ಎರಡು ವಾಕ್ಯ ಹೇಳಿದರು. ಫೋನಿನಾಕೆ ಫೋನಿಗೆ ಒಂದು ವಾಕ್ಯ ಹೇಳಿ ಇಟ್ಟಳು. ನಾಯಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ 'ನೀ...' ಅಂದ. ಮುಂದೇನೂ ಹೇಳಲಿಲ್ಲ. ಎಸ್ಟೋನಿಯನ್ನಿನಲ್ಲಿ ನೀ ಅಂದರೆ 'ಸರಿ ಹಾಗಾದರೆ' ಅನ್ನುವಂಥ ಮಾತು. ನನಗೆ ಮಾತ್ರ ನಮ್ಮತ್ತೆ ಬೈಯಲು ಬಾಯಿ ತೆಗೆದ ಹಾಗೆ ಕೇಳಿಸಿತು. ಅರ್ಧ ನಿಮಿಷದಲ್ಲಿ ಎಲ್ಲರೂ ಮಾಯ. ಮರಕ್ಕೆ ಸಿಕ್ಕಿಸಿದ್ದ ನಾಯಿಯೂ.

'ಅಪ್ಪಿ' ಅಂದರೆ ಎಸ್ಟೋನಿಯನ್ನಿನಲ್ಲಿ 'ಕಾಪಾಡಿ!' ಅಂತ.

ಯೋಚನೆ ಮಾಡಿ. ಅಷ್ಟು ತಿಂಗಳು ನಾನು ಮಗುವಿಗೆ ಬೂಟು ಹಾಕುತ್ತಾ 'ಕಾಪಾಡಿ, ಕಾಲು ಕೊಡು', 'ಕಾಪಾಡಿ, ಮೂಗು ಒರೆಸ್ಕೋ' ಅನ್ನುತ್ತಿದ್ದೆ. ಮಧ್ಯಾಹ್ನ ಅವನನ್ನು ಮಲಗಿಸುವಾಗ ಕಾಪಾಡಿ ಕಾಪಾಡಿ ಅಂತ ಜೋಗುಳ ಹಾಡಿದ್ದೇನೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಅಕ್ಕೋರನ್ನು ಕೇಳಿದರೆ, 'ನಿಮ್ಮ ದೇಶದ ಪ್ರಾರ್ಥನೆ ಅಂದುಕೊಂಡೆ' ಅಂದರು. ನಾನಾದರೂ ಎಲ್ಲಿಯವಳು? 1983ರಲ್ಲಿ ಮರ ಕಡಿಯಲು ಬಂದವರನ್ನು ಮರ ಅಪ್ಪಿಕೊಂಡು ತಡೆದ ಅಪ್ಪಿಕೋ ಚಳವಳಿಯ ಸೀಮೆಯವಳು. ಈ ದೇಶದ ಅರ್ಧ ಭಾಗ ಕಾಡು. ಇಲ್ಲಿಯವರು ಮನುಷ್ಯರನ್ನು ಅಪ್ಪಿಕೊಳ್ಳುವುದಕ್ಕಿಂತ ಮರವನ್ನು ಅಪ್ಪಿಕೊಳ್ಳುವುದೇ ಜಾಸ್ತಿ ಇರಬೇಕು. ಜನಸಂಖ್ಯೆ 13 ಲಕ್ಷ ಚಿಲ್ಲರೆ. 2011ರ ಜನಗಣತಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯೊಂದರಲ್ಲೇ 14 ಲಕ್ಷ ಇದ್ದೆವು. ಕಾಡೂ ಅಷ್ಟೇ, ಮಳೆಗಾಲದ ಮೌನವೂ ಅಷ್ಟೇ. ಆದರೂ ಒಂದು ಪದ ಹೀಗೆ ಮಾನ ಕಳೆಯಬೇಕಾ?

ಮಾತಿನ ಮಲ್ಲಿಗೆ ಮಾತ್ರ ಹಬ್ಬ. ಅವತ್ತಿನಿಂದ ನನ್ನ ಹೆಸರು 'ತ್ಯಾದಿ ಅಪ್ಪಿ'. ಕಾಪಾಡಿ ಆಂಟಿ. ರಸ್ತೆಯಲ್ಲಿ ಆಚೆ ಬದಿಯಿಂದ ನನ್ನನ್ನು ಕಂಡರೆ ಬೇಕಂತಲೇ 'ಅಪ್ಪೀ!' ಅಂತ ಕಿರುಚುತ್ತಾಳೆ, ಜನ ತಿರುಗಿ ನೋಡಲಿ ಅಂತ.

ಇದೆಲ್ಲ ಇದ್ದರೂ ಅಲ್ಲಿ ಒಂದು ತಿಂಡಿ ಕೊಡುತ್ತಾರೆ, ಕಮಾ ಅಂತ. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಹಿಟ್ಟು, ಹುಳಿ ಮಜ್ಜಿಗೆಯಂಥ ಕೆಫೀರಿಗೆ ಕಲಸುವುದು. ಮೊದಲ ಚಮಚ ಬಾಯಿಗಿಟ್ಟಾಗ ನಾನು ತಾರ್ತುವಿನಲ್ಲಿ ಇರಲಿಲ್ಲ. ಅಜ್ಜಿ ಹುರಿಹಿಟ್ಟು ಮಾಡಿದ ದಿನ ಅಡುಗೆಮನೆಯ ಕಿಟಕಿಯಿಂದ ಅಂಗಳದವರೆಗೂ ಬರುತ್ತಿದ್ದ ಅದೇ ವಾಸನೆ. ಅಜ್ಜಿ ಈಗಿಲ್ಲ. ನಾನು ತಟ್ಟೆ ಹಿಡಿದು ಸುಮ್ಮನೆ ಕೂತಿದ್ದೆ. 'ಹೇಗಿದೆ?' ಅಂದರು ಅಕ್ಕೋರು. ಗಂಟಲು ಕಟ್ಟಿತ್ತು. 'ನೋರ್ಮಾಲ್ನೆ' ಅಂದೆ. ಅವರಿಗೆ ತುಂಬಾ ಖುಷಿಯಾಯಿತು.

ಗ್ಲೌಸಿಗೆ ಬರೋಣ. ಇವತ್ತು ಕಳೆದದ್ದು ಅಪ್ಪಿಯ ಕೆಂಪು ಗ್ಲೌಸ್. ನಿನ್ನೆ ಒದ್ದೆಯಾದದ್ದನ್ನೆಲ್ಲ ಬಿಸಿಗಾಳಿಯ ಬೀರುವಿನಲ್ಲಿ ಒಣಗಲು ತುರುಕಿದ್ದೆ. ಬೆಳಿಗ್ಗೆ ತೆಗೆದರೆ ಬಲಗೈಯದಿದೆ, ಎಡಗೈಯದಿಲ್ಲ. ಇರಲಿ, ಬೂಟು ಮೊದಲು ಅಂತ ಎಡಗಾಲಿಗೆ ಬೂಟು ಹಾಕಿದೆ. ಅವನು ಬಿಚ್ಚಿದ. ಮತ್ತೆ ಹಾಕಿದೆ. ಬಿಚ್ಚಿ ನನ್ನ ಕೈಗೇ ಕೊಟ್ಟ. ಕ್ರಮ ತಪ್ಪಿತೇನೋ ಅಂತ ಕಾರ್ಡ್ ನೋಡಿದೆ, ಸರಿಯಾಗೇ ಇದೆ. ಮೂರನೇ ಸಲ ಬೂಟನ್ನು ನನ್ನ ಮಡಿಲಿಗೆ ಎಸೆದ. ಹೊರಗೆ ಆರು ಮಕ್ಕಳು ಕಾಯುತ್ತಿದ್ದಾರೆ, ಕೊಂಬೆಯೊಳಗೆ ಬೆವರುತ್ತಿದ್ದಾರೆ. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. 'ಹಟಮಾರಿ' ಅಂತ ಕನ್ನಡದಲ್ಲೇ ಗದರಿಸಿದೆ. ಅಕ್ಕೋರು 'ಓತಾ' ಅಂದು ಬೀರುವಿನಿಂದ ಬೇರೆ ಬೂಟು, ಜೊತೆಗೊಂದು ಹಸಿರು ಗ್ಲೌಸ್ ತಂದರು. ಎರಡನ್ನೂ ತೆಪ್ಪಗೆ ಹಾಕಿಕೊಂಡ. ನೋಡಿ, ನಾನು ಅಂದರೆ ಮಾತ್ರ ಹಟ.

ಮಧ್ಯಾಹ್ನ ಎಲ್ಲರೂ ಒಳಗೆ ಬಂದ ಮೇಲೆ ಅಕ್ಕೋರು ಆ ಎಡಗಾಲ ಬೂಟನ್ನು ತಲೆಕೆಳಗೆ ಮಾಡಿ ಹಿಮ್ಮಡಿಗೆ ಎರಡು ಪೆಟ್ಟು ಕೊಟ್ಟರು. ತುದಿಯಲ್ಲಿ ಮುದ್ದೆಯಾಗಿದ್ದ ಕೆಂಪು ಗ್ಲೌಸ್ ನೆಲಕ್ಕೆ ಬಿತ್ತು.

ಅಪ್ಪಿ ಅದನ್ನು ಎತ್ತಿಕೊಂಡ. ಗೋಡೆಯ ಹತ್ತಿರ ಹೋಗಿ, ಬೆಳಗಿನಿಂದ ಅಲ್ಲೇ ಉಳಿದಿದ್ದ ಗ್ಲೌಸಿನ ಕಾರ್ಡ್ ಕಿತ್ತು ಡಬ್ಬಿಗೆ ಹಾಕಿದ. ನನ್ನ ಕಡೆ ನೋಡಲೂ ಇಲ್ಲ. ನಾನು ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಯಾರಿಗೂ ಕೇಳದಷ್ಟು ಮೆಲ್ಲಗೆ 'ಸಾರಿ ಅಪ್ಪಿ' ಅಂದೆ. ಮೆಲ್ಲಗೇ ಅಂದಿದ್ದು. ಆದರೆ ಅಡುಗೆಮನೆಗೆ ಈ ವಾರವಷ್ಟೇ ಹೊಸ ಹುಡುಗಿ ಸೇರಿದ್ದಳು, ಪಾಪ. ಸೌಟು ಹಿಡಿದುಕೊಂಡೇ ಓಡಿ ಬಂದಳು.